ಶಾಲೆಯ ಬಯಲು ಮತ್ತು ಮಕ್ಕಳ ಆಟದ ವೇಳೆ

(ಮಹೋತ್ಸವದ ಅಂಗವಾಗಿ ಜರುಗಿದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಈ ಸಭೆಯಲ್ಲಿ ಶಾಸ್ತ್ರವಿಚಾರ, ಪುರಾತನರ ಚರಿತ್ರೆ, ಮಠದ ಪರಂಪರೆ ಮೊದಲಾದ ಘನವಾದ ವಿಷಯಗಳು ಪ್ರತಿಪಾದಿತವಾದವು. ಅವುಗಳ ಸಾಲಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಆಟದ ವೇಳೆಯೆಂಬುದು ಕೆಲವರಿಗೆ ಅತ್ಯಲ್ಪವಾಗಿ ತೋರಬಹುದು. ಗಂಟೆ ಬಾರಿಸಿತು, ಹುಡುಗರು ಹೊರಗೆ ಓಡಿದರು, ಮತ್ತೆ ಗಂಟೆ ಬಾರಿಸಿತು, ಒಳಗೆ ಬಂದರು; ಇದರಲ್ಲಿ ವಿಚಾರಿಸತಕ್ಕದ್ದೇನಿದೆ ಎಂದು ಕೇಳುವವರುಂಟು. ಆದರೆ ಆ ಎರಡು ಗಂಟೆಗಳ ನಡುವಣ ಅಲ್ಪಕಾಲದಲ್ಲಿ ಮಗುವು ತನ್ನ ಸರೀಕರೊಡನೆ ಬಾಳುವುದನ್ನು ಕಲಿಯುತ್ತದೆ; ಇಲ್ಲವೆ, ಬಲ್ಲಿದನಿಗೇ ಬಯಲೆಲ್ಲ ಸಲ್ಲತಕ್ಕದ್ದೆಂಬ ಕೆಟ್ಟ ಪಾಠವನ್ನು ಕಲಿಯುತ್ತದೆ. ಈ ಎರಡನೆಯ ಪಾಠವನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಹಿರಿಯರ ಅಲಕ್ಷ್ಯವೇ ಅದನ್ನು ಹೇಳಿಕೊಡುತ್ತದೆ.

ಬಯಲೆಂದೊಡನೆ ಈ ಸೀಮೆಯವರಿಗೆ ಅಷ್ಟೂರು ನೆನಪಾಗದೆ ಇರದು. ಬೀದರ ಪಟ್ಟಣದ ಪೂರ್ವಕ್ಕೆ ಸುಮಾರು ಎರಡು ಮೈಲಿಯ ದೂರದಲ್ಲಿ, ಬಹಮನಿ ಅರಸರ ಗುಮ್ಮಟಗಳು ತೆರೆದ ಭೂಮಿಯಲ್ಲಿ ಸಾಲಾಗಿ ನಿಂತಿವೆ. ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಕ್ಕೆ ತಂದ ಅಹಮದಶಹನು ಕ್ರಿ. ಶ. ೧೪೨೨ರಿಂದ ೧೪೩೬ರವರೆಗೆ ಆಳಿ ಅಲ್ಲಿಯೇ ಮಣ್ಣಾದನು. ಬಣ್ಣದ ಚಿತ್ರಗಳಿಂದ ಒಳಮೈ ತುಂಬಿರುವ ಅವನ ಗೋರಿಯನ್ನು ಮುಸಲ್ಮಾನರು ವಲಿಯ ಸ್ಥಾನವೆಂದು ನಂಬಿದರೆ, ಲಿಂಗವಂತ ಭಕ್ತರು ಅಲ್ಲಮಪ್ರಭುವಿನ ಹೆಸರಿನಲ್ಲಿ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಹೋಳಿಯ ತರುವಾಯ ಕೂಡುವ ಜಾತ್ರೆಗೆ ಕಲಬುರ್ಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಪರಿವಾರಸಹಿತ ಬರುವ ಪದ್ಧತಿಯು ಎಲ್ಲರೂ ಬಲ್ಲ ಸಂಗತಿಯೇ. ಆ ಜಾತ್ರೆಯ ದಿನ ಒಂದೇ ಬಯಲಿನಲ್ಲಿ ಅಂಗಡಿಯವನಿಗೂ ಎಡೆಯಿದೆ, ಮುದುಕನಿಗೂ ನೆರಳಿದೆ, ಎತ್ತಿನ ಬಂಡಿಗೂ ನಿಲ್ಲುವ ಜಾಗವಿದೆ, ಎಳೆಯ ಮಗುವಿಗೂ ಮಣ್ಣಿನಲ್ಲಿ ಆಡುವ ಒಂದು ಮೂಲೆಯಿದೆ. ಯಾರೂ ಯಾರನ್ನೂ ಹೊರದೂಡುವುದಿಲ್ಲ. ಆ ದಿನದ ನೆರವಿಯಲ್ಲಿ ಇರತಕ್ಕ ಈ ವಿವೇಕವು, ಅಷ್ಟೂರಿನಂಥ ನೂರಾರು ಗ್ರಾಮಗಳ ಶಾಲೆಯ ಅಂಗಳದಲ್ಲಿ ವರ್ಷದ ಉಳಿದ ದಿನ ಇದೆಯೇ ಎಂಬುದೇ ಈಗ ವಿಚಾರಿಸತಕ್ಕ ಪ್ರಶ್ನೆ.

ಭಾಲ್ಕಿ, ಔರಾದ, ಬೀದರ ಸೀಮೆಗಳ ಯಾವುದಾದರೊಂದು ಗ್ರಾಮದ ಶಾಲೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಹೊಕ್ಕು ನೋಡಿರಿ. ಸರಕಾರದವರು ೨೦೦೨ನೆಯ ಇಸವಿಯಲ್ಲಿ ಅಕ್ಷರ ದಾಸೋಹವನ್ನು ಮೊದಲುಗೊಳಿಸಿದಾಗ ಅದನ್ನು ಈಶಾನ್ಯದ ಏಳು ಜಿಲ್ಲೆಗಳಲ್ಲಿಯೇ ಮೊದಲು ನಡೆಯಿಸಿದರು. ಅವುಗಳಲ್ಲಿ ಬೀದರವೂ ಒಂದು. ದಾಸೋಹವೆಂಬ ಶರಣರ ಮಾತು ಶಾಲೆಯ ಊಟಕ್ಕೆ ಹೆಸರಾದುದು ಸಂತೋಷದ ವಿಷಯ. ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಅಲ್ಲಿ ಹಿರಿಯ ಕಿರಿಯ, ಹೆಣ್ಣು ಗಂಡು ಎಂಬ ಭೇದವಿಲ್ಲ. ತಾಟು ತೊಳೆದಾದ ಮೇಲೆ ಆ ಸಮತೆಯು ಮುಗಿಯಿತು. ಏಳನೆಯ ತರಗತಿಯ ಬಲಿಷ್ಠ ಹುಡುಗರು ಹತ್ತು ಹನ್ನೆರಡು ಮಂದಿ ನಡುಬಯಲಿನಲ್ಲಿ ಮೂರು ಕೋಲು ನೆಟ್ಟು ಕ್ರಿಕೆಟ್ಟು ಹೂಡುತ್ತಾರೆ. ಚೆಂಡು ಹೋದಲ್ಲೆಲ್ಲ ಅವರದೇ ರಾಜ್ಯ. ಹೆಣ್ಣುಮಕ್ಕಳು ಗೋಡೆಗೆ ಆತುಕೊಂಡು ನಿಲ್ಲುತ್ತಾರೆ, ಇಲ್ಲವೆ ಪಡಸಾಲೆಯ ಅಂಚಿನಲ್ಲಿ ಗಜ್ಜುಗ ಆಡುತ್ತಾರೆ. ಒಂದನೆಯ ಎರಡನೆಯ ತರಗತಿಯ ಕೂಸುಗಳು ನೀರಿನ ನಲ್ಲಿಯ ಸುತ್ತ ಕೆಸರು ತುಳಿಯುತ್ತವೆ. ಕಾಲು ಸೊಟ್ಟಗಿರುವ ಮಗುವೋ, ಹೊಸದಾಗಿ ಬೇರೆ ಊರಿಂದ ಬಂದ ಮಗುವೋ ಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರುತ್ತದೆ. ನೂರು ಮಕ್ಕಳ ಬಯಲಿನ ಮುಕ್ಕಾಲು ಪಾಲನ್ನು ಹನ್ನೆರಡು ಮಂದಿ ಆಳುವುದೂ, ಉಳಿದವರು ಕಾಲುಪಾಲಿನಲ್ಲಿ ಒತ್ತಿಕೊಳ್ಳುವುದೂ ಯಾರ ಕಣ್ಣಿಗೂ ಅನ್ಯಾಯವಾಗಿ ತೋರುವುದಿಲ್ಲ. ಹುಡುಗರು ಹೊರಗೆ ಆಡುತ್ತಿದ್ದಾರೆ ಎಂದು ಉಪಾಧ್ಯಾಯರು ಹಾಜರಿಪಟ್ಟಿ ತಿದ್ದುತ್ತಾರೆ. ಅವರಿಗೂ ಕೆಲಸ ಬಹಳವಿದೆ, ಅದನ್ನು ಅಲ್ಲಗಳೆಯುವಂತಿಲ್ಲ.

ಆಟವನ್ನು ಉತ್ತಮಗೊಳಿಸುವುದೆಂದರೆ ಮೊದಲು ಈ ಪಾಲನ್ನು ಸರಿಪಡಿಸುವುದು. ಬೆಲೆಬಾಳುವ ಸಾಮಾನುಗಳನ್ನು ತರುವುದು ಆಮೇಲಿನ ಮಾತು.

ಇಲ್ಲಿ ಒಂದು ಆಕ್ಷೇಪವನ್ನು ಪರಿಹರಿಸಿಕೊಂಡು ಮುಂದೆ ಹೋಗಬೇಕು. ಆಟದಿಂದ ಓದು ಕೆಡುವುದೆಂದೂ, ಬಿಡುವಿನ ಕಾಲವನ್ನು ಕಡಿತಗೊಳಿಸಿ ಮಗ್ಗಿ ಬಾಯಿಪಾಠ ಮಾಡಿಸಿದರೆ ಲೇಸೆಂದೂ ಹೇಳುವ ತಂದೆತಾಯಿಗಳು ಬಹಳ ಮಂದಿ. ಅವರ ಕಳವಳವು ಸಹಜವಾದುದೇ. ಹೊಲದಲ್ಲಿ ಬೆವರು ಸುರಿಸುವವನು ತನ್ನ ಮಗನು ಶಾಲೆಯಲ್ಲಿ ಆಡುವುದನ್ನು ಕಂಡರೆ, ಇದಕ್ಕಾಗಿಯೇ ಕಳುಹಿದೆನೇ ಎಂದುಕೊಳ್ಳುವುದುಂಟು. ಆದರೆ ಹಿಂದಿನವರು ಹೀಗೆ ಭಾವಿಸಿದವರಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಪ್ರತಿಪದೆ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳನ್ನು ಅನಧ್ಯಾಯವೆಂದು ವಿಧಿಸಿ, ಆ ದಿನ ಹೊಸ ಪಾಠ ಹೇಳಬಾರದೆಂದು ಕಟ್ಟುಮಾಡಿದ್ದರು. ಗುಡುಗು ಸಿಡಿಲು ಬಿರುಗಾಳಿಗಳಾದಾಗಲೂ ಪಾಠ ನಿಲ್ಲತಕ್ಕದ್ದು. ಇದರ ಶಾಸ್ತ್ರಾರ್ಥವೇನೇ ಇರಲಿ, ಫಲವಂತೂ ಸ್ಪಷ್ಟವಾಗಿದೆ: ಬುದ್ಧಿಯು ಬಿಲ್ಲಿನ ಹಾಗೆ, ಹೆದೆಯನ್ನು ಯಾವಾಗಲೂ ಏರಿಸಿಟ್ಟರೆ ಅದು ಸಡಿಲುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಐಗಳ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರ ಕಲಿತ ಹುಡುಗರಿಗೆ ಮರಳು ಏಕಕಾಲಕ್ಕೆ ಹಲಗೆಯೂ ಆಟಿಕೆಯೂ ಆಗಿತ್ತು.

ಈಗಿನ ಕಾಯಿದೆಯ ಲೆಕ್ಕವೂ ಈ ಭಯವನ್ನು ನಿವಾರಿಸುತ್ತದೆ. ೨೦೦೯ರ ಶಿಕ್ಷಣ ಹಕ್ಕಿನ ಅಧಿನಿಯಮದ ಅನುಸೂಚಿಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ಕೆಲಸದ ದಿನಗಳನ್ನೂ ೮೦೦ ಪಾಠದ ಗಂಟೆಗಳನ್ನೂ ನಿಗದಿಪಡಿಸಿದೆ. ಹಂಚಿದರೆ ದಿನವೊಂದಕ್ಕೆ ನಾಲ್ಕೇ ಗಂಟೆ. ಶಾಲೆಯು ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ಆದುದರಿಂದ ಆಟಕ್ಕೆ ಕೊಡುವ ವೇಳೆಯು ಪಾಠದಿಂದ ಕದ್ದ ವೇಳೆಯಲ್ಲ. ಅದೇ ಅನುಸೂಚಿಯು ಪ್ರತಿಯೊಂದು ಶಾಲೆಗೂ ಆಟದ ಬಯಲು ಇರಬೇಕೆಂದೂ, ಆಟದ ಸಾಮಗ್ರಿ ಒದಗಿಸಬೇಕೆಂದೂ ಹೇಳುತ್ತದೆ. ಫಿನ್‌ಲೆಂಡ್ ದೇಶದ ಶಾಲೆಗಳಲ್ಲಿ ೪೫ ನಿಮಿಷ ಪಾಠವಾದೊಡನೆ ೧೫ ನಿಮಿಷ ಬಿಡುವು ಕೊಡುವುದು ರೂಢಿ. ಹಿಮ ಬೀಳುವ ಆ ದೇಶದಲ್ಲಿಯೂ ಮಕ್ಕಳನ್ನು ಹೊರಗೆ ಕಳುಹುತ್ತಾರೆ. ವಿದ್ಯೆಯಲ್ಲಿ ಆ ದೇಶದವರು ಹಿಂದುಳಿದವರೆಂದು ಯಾರೂ ಹೇಳಿಲ್ಲ.

ಕಣ್ಣಿನ ವಿಷಯವಂತೂ ಕೇಳತಕ್ಕದ್ದಾಗಿದೆ. ಚೀನ ದೇಶದ ಗ್ವಾಂಗ್‌ಝೌ ನಗರದ ೧೨ ಶಾಲೆಗಳನ್ನು ಆರಿಸಿ, ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಹೊರಬಯಲಿನಲ್ಲಿ ಇರಿಸಿ, ಮೂರು ವರ್ಷ ಪರೀಕ್ಷಿಸಿದರು. ೨೦೧೫ರಲ್ಲಿ ಅದರ ಫಲವು ಪ್ರಕಟವಾಯಿತು. ಎಂದಿನಂತೆ ಇದ್ದ ಶಾಲೆಗಳಲ್ಲಿ ನೂರಕ್ಕೆ ೩೯.೫ ಮಕ್ಕಳಿಗೆ ದೂರದ ದೃಷ್ಟಿ ಮಂದವಾದರೆ, ಹೊರಗೆ ಇದ್ದವರಲ್ಲಿ ಅದು ೩೦.೪ಕ್ಕೆ ಇಳಿದಿತ್ತು. ಹಗಲಿನ ಬೆಳಕಿಗೆ ಕಣ್ಣನ್ನು ಕಾಯುವ ಗುಣವಿದೆಯೆಂದು ವೈದ್ಯರು ಈಗ ಒಪ್ಪುತ್ತಾರೆ. ಅಂಗೈಯಗಲದ ಮೊಬೈಲಿನ ಗಾಜನ್ನೇ ಸಂಜೆಯೆಲ್ಲ ನೋಡುವ ಮಕ್ಕಳ ಕಾಲದಲ್ಲಿ, ಹಗಲಿನ ಅರ್ಧಗಂಟೆಯ ಬಯಲು ಕನ್ನಡಕದ ಹಣವನ್ನು ಉಳಿಸುವ ಸಂಗತಿಯೆಂದು ತಂದೆತಾಯಿಗಳು ಎಣಿಸಲಿ. ಲೋಕದ ಆರೋಗ್ಯಸಂಸ್ಥೆಯು ೨೦೨೦ರಲ್ಲಿ, ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷ ಮೈ ಬಿಸಿಯಾಗುವಷ್ಟು ಚಲನೆ ಬೇಕೆಂದು ಹೇಳಿದೆ.

ಇನ್ನು ಭೂಮಿಯ ವಿಚಾರ. ಬೀದರದ ಎತ್ತರದ ಸೀಮೆಯೆಲ್ಲ ಕೆಂಪು ಜಂಬಿಟ್ಟಿಗೆಯದು. ಅಗೆಯುವಾಗ ಮೃದುವಾಗಿದ್ದು, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವುದು ಆ ಕಲ್ಲಿನ ಗುಣ. ಕೋಟೆ ಕಟ್ಟುವವನಿಗೆ ಅದು ವರವೇ ಆಯಿತು. ಓಡುವ ಮಗುವಿಗೆ ಅದು ವರವಲ್ಲ. ಗರಸಿನ ಸಣ್ಣ ಹರಳುಗಳ ಮೇಲೆ ಜಾರಿ ಬಿದ್ದರೆ ಮೊಳಕಾಲ ಚರ್ಮ ಸುಲಿದು ಬರುತ್ತದೆ. ಎತ್ತರವನ್ನಿಳಿದು ಎರೆಭೂಮಿಗೆ ಬಂದರೆ ಸಂಕಟ ಬೇರೆ: ಮಳೆಗಾಲದಲ್ಲಿ ಕಾಲು ಕೀಳಲಾಗದ ಅಂಟು, ಬೇಸಗೆಯಲ್ಲಿ ಕಾಲ್ಬೆರಳು ಸಿಕ್ಕಿಬೀಳುವ ಬಿರುಕು. ಆದುದರಿಂದ ಮೊದಲ ಕೆಲಸವು ನೆಲವನ್ನು ಹದಗೊಳಿಸುವುದು. ಕೆಂಪುಭೂಮಿಯಾದರೆ ಹರಳುಗಳನ್ನು ಸಲಾಕೆಯಿಂದ ಎಳೆದು ತೆಗೆದು, ಓಡುವ ಭಾಗಕ್ಕೆ ಜರಡಿ ಹಿಡಿದ ಮಣ್ಣನ್ನು ಹಾಸಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಎರೆಯಾದರೆ ಗರಸು ಮರಳುಗಳನ್ನು ಮೇಲೆ ಹಾಕಿ, ನಾಲ್ಕು ಕಡೆಗೂ ಇಳಿಜಾರು ಬಿಟ್ಟು, ಕಾಲುವೆ ತೋಡಬೇಕು. ಎಳೆಯ ಮಕ್ಕಳಿಗಾಗಿ ಒಂದು ಮೂಲೆಯಲ್ಲಿ ಮೊಣಕಾಲಾಳದ ಮರಳಿನ ಹೊಂಡ ಬೇಕು. ಹತ್ತು ಬಂಡಿ ಮರಳಿನಲ್ಲಿ ಮುಗಿಯುವ ಈ ಕೆಲಸದಿಂದ ಆಗುವ ಉಪಕಾರವು ಸಾವಿರಾರು ರೂಪಾಯಿಯ ಕಬ್ಬಿಣದ ಸಾಮಾನಿನಿಂದಲೂ ಆಗದು. ರಾತ್ರಿ ನಾಯಿಬೆಕ್ಕುಗಳು ಹೊಲಸು ಮಾಡದಂತೆ ಹೊಂಡಕ್ಕೆ ತಾಡಪತ್ರಿಯ ಮುಚ್ಚಳವಿರಲಿ.

ಕಬ್ಬಿಣದ ಜಾರಬಂಡಿಯ ಮಾತು ಬಂದುದರಿಂದ ಹೇಳತಕ್ಕದ್ದು. ಚೈತ್ರ ವೈಶಾಖದ ಬಿಸಿಲಿನಲ್ಲಿ ಅದು ಕಾದ ಹೆಂಚಾಗುತ್ತದೆ; ಮಗುವು ಒಮ್ಮೆ ಕುಳಿತು ಎದ್ದರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ದಾನಿಗಳು ಕೊಟ್ಟ ಎಷ್ಟೋ ಜಾರಬಂಡಿಗಳು ಹೀಗೆಯೇ ತುಕ್ಕು ಹಿಡಿದು ನಿಂತಿವೆ. ಹಾಕುವುದಾದರೆ ಮರದ ನೆರಳಿನಲ್ಲಿ, ಬಡಗು ಮುಖವಾಗಿ ಹಾಕಬೇಕು. ಮರವಿಲ್ಲದಿದ್ದರೆ ಮೊದಲು ಮರ, ಆಮೇಲೆ ಜಾರಬಂಡಿ.

ನೆರಳೇ ಈ ಸೀಮೆಯ ಆಟದ ಬಯಲಿಗೆ ಜೀವ. ನೀರನ್ನು ಬಿಸಿಲಿಗೆ ಕೊಡದೆ ನೆಲದೊಳಗೆ ಮೈಲಿಗಟ್ಟಲೆ ಹರಿಯಿಸಿದ ಸುರಂಗಬಾವಿಯು ಬೀದರದ ನೌಬಾದಿನಲ್ಲಿದೆ. ಬಿಸಿಲನ್ನು ಅರಿತು ಕಟ್ಟಿದವರ ಜಾಣ್ಮೆ ಅದು. ಕ್ರಿ. ಶ. ೧೪೭೨ರಲ್ಲಿ ಕಟ್ಟಿಸಿದ ಮಹಮೂದ ಗವಾನನ ವಿದ್ಯಾಲಯದಲ್ಲಿಯೂ ಓದುವ ಕೋಣೆಗಳೆಲ್ಲ ಸುತ್ತಲೂ ನಿಂತು, ನಡುವೆ ಸುಮಾರು ೧೦೦ ಅಡಿ ಚೌಕದ ಅಂಗಳವನ್ನು ಆಕಾಶಕ್ಕೆ ತೆರೆದಿಟ್ಟಿವೆ. ಕೋಣೆಗಳ ನೆರಳು ಹೊತ್ತಿಗೊಂದು ಕಡೆಗೆ ಅಂಗಳದ ಮೇಲೆ ಬೀಳುತ್ತದೆ. ಈಗಿನ ಶಾಲೆಗಳನ್ನು ಕಟ್ಟುವವರು ಕೋಣೆಗಳನ್ನು ಬಯಲಿನ ನಟ್ಟನಡುವೆ ಇಟ್ಟು, ಉಳಿದ ಚೂರುಗಳನ್ನು ಆಟಕ್ಕೆ ಬಿಡುವರು.

ಬೇವು, ಹೊಂಗೆ, ಹುಣಸೆ, ಆಲ ಇವು ಇಲ್ಲಿಯ ಮಣ್ಣಿಗೆ ಒಗ್ಗಿದ ಮರಗಳು. ಪ್ರತಿವರ್ಷ ಸಸಿ ನೆಡುವ ಉತ್ಸವವಾಗುತ್ತದೆ, ಪ್ರತಿವರ್ಷ ಅದೇ ಗುಂಡಿಯಲ್ಲಿಯೇ ಆಗುತ್ತದೆ. ಏಕೆಂದರೆ ಹಿಂದಿನ ವರ್ಷದ ಸಸಿಯು ಮಾಘದೊಳಗೆ ಒಣಗಿಹೋಗಿರುತ್ತದೆ. ನೀರಿಲ್ಲವೆಂಬುದು ಎಲ್ಲರ ಉತ್ತರ. ಆದರೆ ನೂರು ಮಕ್ಕಳು ದಿನವೂ ಕೈ ಬಾಯಿ ತಾಟು ತೊಳೆದ ನೀರು ಎಲ್ಲಿ ಹೋಗುತ್ತದೆ? ನಲ್ಲಿಯ ಬುಡದಲ್ಲಿ ಕೊಚ್ಚೆಯಾಗಿ ಸೊಳ್ಳೆ ಹುಟ್ಟಿಸುತ್ತದೆ. ತೊಳೆಯುವ ಕಟ್ಟೆಯಿಂದ ಒಂದು ಗೇಣಗಲದ ಕಾಲುವೆಯನ್ನು ತೋಡಿ, ಅನ್ನದಗುಳು ತಡೆಯುವುದಕ್ಕೆ ಮರಳಿನ ಒಂದು ಸಣ್ಣ ಗುಂಡಿಯನ್ನಿಟ್ಟು, ಆ ನೀರನ್ನು ಸಾಲುಸಸಿಗಳಿಗೆ ಹರಿಯಿಸಿದರೆ, ದಾಸೋಹದ ನೀರಿನಿಂದಲೇ ನಾಲ್ಕೈದು ವರ್ಷಗಳಲ್ಲಿ ನೆರಳಾಗುವುದು. ಬೇಸಗೆಯ ರಜೆಯ ಎರಡು ತಿಂಗಳು ಮಾತ್ರ ಊರವರು ಸರದಿಯಿಂದ ನೀರು ಹಾಕಬೇಕು. ಸಸಿಗಳು ಸಾಯುವುದು ಆ ಎರಡು ತಿಂಗಳಲ್ಲಿಯೇ.

ಮರದೊಡನೆ ಒಂದು ಎಚ್ಚರಿಕೆಯೂ ಇರಬೇಕು. ಅಷ್ಟೂರಿನ ಹುಮಾಯೂನನ ಗುಮ್ಮಟವು ಸಿಡಿಲಿಗೆ ಸೀಳಿ ಅರ್ಧ ಉರುಳಿ ನಿಂತಿರುವುದನ್ನು ಎಲ್ಲರೂ ನೋಡಿದ್ದಾರೆ. ಮುಂಗಾರಿನ ಮೊದಲಿಗೂ ಹಿಂಗಾರಿನ ಹೊತ್ತಿಗೂ ಗುಡುಗು ಕೇಳಿದೊಡನೆ ಮಕ್ಕಳನ್ನು ಕೋಣೆಯೊಳಗೆ ಕರೆದುಕೊಳ್ಳಬೇಕು. ಮರದ ಕೆಳಗೆ ನಿಲ್ಲಿಸಬಾರದು. ಅನಧ್ಯಾಯದ ವಿಧಿಯನ್ನು ಆಟಕ್ಕೂ ಅನ್ವಯಿಸಬೇಕಾದ ಹೊತ್ತು ಅದೊಂದೇ.

ಅಷ್ಟೂರಿನಂಥ ಸ್ಥಳಕ್ಕೆ ವಿಶೇಷವಾದ ಮತ್ತೊಂದು ಸಂಗತಿಯುಂಟು. ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಬಾರದೆಂದೂ, ಅದರಾಚೆಗೆ ಮತ್ತೆ ೨೦೦ ಮೀಟರಿನವರೆಗೆ ಅನುಮತಿಯಿಲ್ಲದೆ ಕಟ್ಟಬಾರದೆಂದೂ ೨೦೧೦ರ ತಿದ್ದುಪಡಿಯ ಕಾಯಿದೆಯು ವಿಧಿಸಿದೆ. ಇದರಿಂದ ತೊಂದರೆಯೆಂದು ಗೊಣಗುವವರುಂಟು. ಮಕ್ಕಳ ಪಕ್ಷದಿಂದ ನೋಡಿದರೆ, ಬಯಲನ್ನು ಬಯಲಾಗಿಯೇ ಉಳಿಸುವ ಕಾವಲುಗಾರನು ಪುಕ್ಕಟೆಯಾಗಿ ದೊರೆತಂತಾಯಿತು. ಉಳಿದ ಊರುಗಳಿಗೆ ಅಂಥ ಕಾವಲಿಲ್ಲ. ಅಲ್ಲಿ ಶಾಲೆಯ ಅಂಗಳವು ವರ್ಷಕ್ಕೊಂದು ತುಂಡಾಗಿ ಹೋಗುತ್ತಿದೆ. ಒಂದು ವರ್ಷ ಸಮುದಾಯಭವನ, ಒಂದು ವರ್ಷ ನೀರಿನ ತೊಟ್ಟಿ, ಒಂದು ವರ್ಷ ರಸ್ತೆಯ ಅಗಲೀಕರಣ, ಒಂದು ವರ್ಷ ಯಾರದೋ ಕಣ. ಈ ಸಭೆಯಲ್ಲಿ ಹೇಳುವುದು ಅಪ್ರಿಯವಾದರೂ ಹೇಳದೆ ಬಿಡುವಂತಿಲ್ಲ: ಶಾಲೆಯ ಬಯಲಿನ ಮೂಲೆಯಲ್ಲಿ ಒಂದು ಗುಡಿಯ ಕಟ್ಟೆಯನ್ನೋ, ಕಮಾನನ್ನೋ ಎಬ್ಬಿಸಿ, ದೇವರ ಕಾರ್ಯವಾದುದರಿಂದ ಯಾರೂ ಕೇಳಲಾರರೆಂದು ಭಾವಿಸುವ ಭಕ್ತರೂ ಇದ್ದಾರೆ. ಸ್ಥಾವರವನ್ನು ಕಟ್ಟುವ ಉತ್ಸಾಹದಲ್ಲಿ ಜಂಗಮವಾದ ಕೂಸಿನ ಓಟವನ್ನು ನಿಲ್ಲಿಸಿದರೆ, ಶರಣರ ಹೆಸರು ಹೇಳುವವರಿಗೆ ಅದು ಶೋಭಿಸದು. ಶಾಲೆಯ ಸರ್ವೆಯ ನಕಾಶೆಯನ್ನು ಗ್ರಾಮಪಂಚಾಯತಿಯಲ್ಲಿ ತೆಗೆಯಿಸಿ, ಎಲ್ಲೆಗಲ್ಲು ಎಲ್ಲಿವೆಯೆಂದು ಒಮ್ಮೆ ನಡೆದು ನೋಡುವುದು ಶಾಲಾಭಿವೃದ್ಧಿ ಸಮಿತಿಯವರ ಮೊದಲ ಕರ್ತವ್ಯ.

ಬಯಲು ಉಳಿಯಿತು, ನೆಲ ಹದವಾಯಿತೆನ್ನೋಣ. ಅದನ್ನು ಹಂಚುವುದು ಹೇಗೆ? ಸುಣ್ಣದ ಗೆರೆಯಿಂದಲೇ ಹಂಚಬಹುದು. ದೊಡ್ಡ ಭಾಗವೊಂದು ಓಟದ ಆಟಗಳಿಗೆ. ಮರದ ಕೆಳಗಿನ ಭಾಗವು ಕುಂಟೆಬಿಲ್ಲೆ, ಗಜ್ಜುಗ, ಗೋಲಿ, ಚೌಕಾಬಾರಗಳಿಗೆ. ಮರಳಿನ ಮೂಲೆ ಎಳೆಯರಿಗೆ; ಅಲ್ಲಿ ದೊಡ್ಡವರು ಕಾಲಿಡಬಾರದು. ಬಯಲು ಚಿಕ್ಕದಾದರೆ ಬಿಡುವನ್ನೇ ಎರಡಾಗಿ ಮಾಡಿ, ಒಂದರಿಂದ ಮೂರನೆಯ ತರಗತಿಯವರನ್ನು ಇಪ್ಪತ್ತು ನಿಮಿಷ ಮೊದಲು ಬಿಡಬಹುದು. ಕ್ರಿಕೆಟ್ಟಿನ ಮೇಲೆ ದ್ವೇಷ ಬೇಡ. ವಾರದಲ್ಲಿ ಎರಡು ದಿನ ಅದಕ್ಕಿರಲಿ, ಆ ದಿನಗಳಲ್ಲಿ ಹುಡುಗಿಯರೂ ದಾಂಡು ಹಿಡಿಯಲಿ. ಉಳಿದ ದಿನ ಖೋಖೋ, ಹುತುತು, ಲಗೋರಿ, ಚಿಣಿಪಣಿ. ಚಿಣಿಯು ಕಣ್ಣಿಗೆ ತಗಲುವ ಆಟವಾದುದರಿಂದ ಅದನ್ನು ಬಯಲಿನ ಅಂಚಿನಲ್ಲಿ, ಹೊರಮುಖವಾಗಿ ಆಡಿಸಬೇಕು.

ಈ ಆಟಗಳನ್ನು ಹಳ್ಳಿಗಾಡಿನವೆಂದು ಹೀಗಳೆಯುವವರು ಕೇಳಲಿ. ಖೋಖೋ ಆಟಕ್ಕೆ ಪುಣೆಯಲ್ಲಿ ೧೯೧೪ರಲ್ಲಿಯೇ ನಿಯಮಗಳು ರಚಿತವಾದವು. ೧೯೩೬ರಲ್ಲಿ ಬರ್ಲಿನ್ ನಗರದ ಒಲಿಂಪಿಕ್ ಕೂಟದ ಸಮಯಕ್ಕೆ ಅಮರಾವತಿಯ ವ್ಯಾಯಾಮಮಂಡಲದವರು ಹುತುತು ಆಡಿ ತೋರಿಸಿದರು. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಖೋಖೋದ ಮೊದಲ ವಿಶ್ವಕಪ್ಪಿನಲ್ಲಿ ಭಾರತದ ಗಂಡಸರೂ ಹೆಂಗಸರೂ ಗೆದ್ದರು. ಕನ್ನಡ ನಾಡಿನವರು ಆ ತಂಡಗಳಲ್ಲಿದ್ದರು. ಖೋಖೋಕ್ಕೆ ಬೇಕಾದುದು ಎರಡು ಕಂಬ ಮತ್ತು ಒಂದು ಹಿಡಿ ಸುಣ್ಣ. ಲಗೋರಿಗೆ ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆಯ ಚೆಂಡು. ಇವುಗಳಲ್ಲಿ ಮತ್ತೊಂದು ಗುಣವಿದೆ: ದಪ್ಪ ಮೈಯವನೂ, ನಿಧಾನವಾಗಿ ಓಡುವವನೂ, ಸಣ್ಣವನೂ ಒಂದಲ್ಲ ಒಂದು ಕೆಲಸಕ್ಕೆ ಬರುತ್ತಾನೆ. ಕ್ರಿಕೆಟ್ಟಿನಲ್ಲಿ ದಿನವಿಡೀ ಚೆಂಡು ಹೆಕ್ಕುವವನು ದಿನವಿಡೀ ಚೆಂಡು ಹೆಕ್ಕುತ್ತಲೇ ಇರುತ್ತಾನೆ.

ಸಾಮಗ್ರಿಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಡೆನ್ಮಾರ್ಕಿನ ಕೊಪನ್‌ಹೇಗನ್ ನಗರದ ಎಂಡ್ರುಪ್ ಎಂಬಲ್ಲಿ ೧೯೪೩ರಲ್ಲಿ, ಯುದ್ಧದ ಕಷ್ಟಕಾಲದಲ್ಲಿ, ಮುರುಕು ಹಲಗೆ, ಹಗ್ಗ, ಇಟ್ಟಿಗೆ ಮೊದಲಾದ ಬಿಸಾಡಿದ ವಸ್ತುಗಳನ್ನೇ ಒಂದು ಬಯಲಿನಲ್ಲಿ ಹಾಕಿ ಮಕ್ಕಳನ್ನು ಬಿಟ್ಟರು. ಮಕ್ಕಳು ಅವುಗಳಿಂದ ಗುಡಿಸಲು ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ಭದ್ರವಾಗಿ ನೆಟ್ಟ ಸಾಮಾನಿಗಿಂತ ಎತ್ತಿ ಒಯ್ಯಬಹುದಾದ ಸಾಮಾನಿನಿಂದ ಮಕ್ಕಳ ಬುದ್ಧಿ ಹೆಚ್ಚು ಅರಳುವುದೆಂದು ಆ ಬಳಿಕ ಲೋಕವು ತಿಳಿಯಿತು. ಹಳೆಯ ಟಯರು, ತೆಂಗಿನ ಕರಟ, ಬಿದಿರಿನ ತುಂಡು, ಗೋಣಿಚೀಲ, ಹಳೆಯ ಸೀರೆ. ಯಾವ ಊರಿನಲ್ಲಿ ಇವಿಲ್ಲ? ಮೊಳೆ, ಒಡೆದ ಗಾಜು, ತುಕ್ಕಿನ ತಗಡು ಮಾತ್ರ ಇರಬಾರದು. ಮಳೆಗಾಲದಲ್ಲಿ ಟಯರಿನೊಳಗೆ ನೀರು ನಿಲ್ಲದಂತೆ ಅಡಿಯಲ್ಲಿ ತೂತು ಕೊರೆಯಿರಿ.

ಉಪಾಧ್ಯಾಯರ ಪಾಲಿಗೆ ಬರುವ ಕೆಲಸವು ಅತ್ಯಂತ ಸೂಕ್ಷ್ಮವಾದುದು. ಆಟವೆಂದರೆ ಕವಾಯತಲ್ಲ. ಸಾಲು ನಿಲ್ಲಿಸಿ ಕೈ ಮೇಲೆ ಕೈ ಕೆಳಗೆ ಎನ್ನುವುದಕ್ಕೆ ಬೇರೆ ವೇಳೆಯಿದೆ, ಅದರ ಪ್ರಯೋಜನವೂ ಇದೆ. ಬಿಡುವಿನಲ್ಲಿ ಅದನ್ನು ತಂದರೆ ಬಿಡುವು ಸತ್ತಿತು. ಸಣ್ಣ ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಇಲ್ಲದಿರುವುದೇ ಹೆಚ್ಚು. ಆದರೂ ಒಬ್ಬ ಹಿರಿಯರು, ಸರದಿಯ ಮೇಲೆ, ಬಯಲಿನ ಅಂಚಿನಲ್ಲಿ ನಿಂತಿರಬೇಕು. ಅವರು ಆಟವನ್ನು ಆಳಬಾರದು, ನೋಡುತ್ತಿರಬೇಕು. ಜಗಳವಾದರೆ ಕೂಡಲೇ ತೀರ್ಪು ಹೇಳದೆ, ಮಕ್ಕಳೇ ತೀರ್ಮಾನಿಸಿಕೊಳ್ಳುವಷ್ಟು ಹೊತ್ತು ತಾಳಬೇಕು. ಕಲ್ಲು ಕೈಗೆ ಬಂದರೆ ಮಾತ್ರ ನಡುವೆ ಹೋಗಬೇಕು. ಮೆಟ್ಟಿಲ ಮೇಲೆ ಒಂಟಿಯಾಗಿ ಕುಳಿತ ಮಗುವನ್ನು ಬಲವಂತದಿಂದ ಎಳೆದು ತರುವುದೂ ಸಲ್ಲದು, ಮರೆಯುವುದೂ ಸಲ್ಲದು. ಆ ಮಗುವಿನ ಪಕ್ಕದಲ್ಲಿಯೇ ಒಂದು ಗಜ್ಜುಗದ ಆಟವನ್ನು ಹೂಡಿಸಿದರೆ, ನಾಲ್ಕನೆಯ ದಿನಕ್ಕೆ ಅದು ತಾನಾಗಿ ಕೈ ಚಾಚುವುದು. ಗಾಲಿಕುರ್ಚಿಯ ಮಗುವಿದ್ದರೆ ಕೋಣೆಯಿಂದ ಮರದ ನೆರಳಿನವರೆಗೆ ಗಟ್ಟಿನೆಲದ ಒಂದು ದಾರಿ ಮಾಡುವುದು ಮರೆಯತಕ್ಕದ್ದಲ್ಲ. ಹೆಣ್ಣುಮಕ್ಕಳು ಬಯಲಿಗೆ ಇಳಿಯದಿರುವುದಕ್ಕೆ ಎಷ್ಟೋ ಸಲ ನಾಚಿಕೆ ಕಾರಣವಲ್ಲ. ಶೌಚಗೃಹದ ಬಾಗಿಲಿಗೆ ಚಿಲಕವಿಲ್ಲದಿರುವುದೂ, ರಸ್ತೆಯ ಕಡೆಗೆ ಆವರಣವಿಲ್ಲದಿರುವುದೂ ಕಾರಣ. ತಾಯಂದಿರು ಇದನ್ನು ಬಲ್ಲರು, ಸಮಿತಿಯಲ್ಲಿ ಹೇಳಲು ಹಿಂಜರಿಯುತ್ತಾರೆ.

ಈ ಗಡಿಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತುಗಳ ಮಕ್ಕಳು ಒಂದೇ ಅಂಗಳದಲ್ಲಿ ಸೇರುತ್ತಾರೆ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದುವಿನ ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದ ಚರಿತ್ರೆಯನ್ನು ಇಲ್ಲಿ ನೆನೆಯದಿರುವವರಾರು? ಆಗ ಕನ್ನಡವನ್ನು ಗೋಡೆಯ ಒಳಗೆ ಅಡಗಿಸಿ ಕಾಪಾಡಬೇಕಾಗಿತ್ತು. ಈಗ ಅದು ಬಯಲಿನಲ್ಲಿ ಎಲ್ಲರ ಬಾಯಿಯಲ್ಲಿ ಸಲೀಸಾಗಿ ಬೆಳೆಯಬಹುದಾದ ಕಾಲ. ಪಾಠದ ಪುಸ್ತಕದಲ್ಲಿ ತೊದಲುವ ಮಗುವು, ಔಟಾದವನೊಡನೆ ವಾದಿಸುವಾಗ ಪೂರ್ಣವಾಕ್ಯಗಳನ್ನಾಡುವುದನ್ನು ಉಪಾಧ್ಯಾಯರು ಗಮನಿಸಿಯೇ ಇರುತ್ತಾರೆ.

ಎಲ್ಲಕ್ಕಿಂತ ಒತ್ತಿ ಹೇಳತಕ್ಕದ್ದು ಇನ್ನೊಂದಿದೆ. ಲೆಕ್ಕ ತಪ್ಪಿದವನನ್ನೂ, ಮನೆಗೆಲಸ ಬರೆಯದವನನ್ನೂ, ಗದ್ದಲ ಮಾಡಿದವನನ್ನೂ ಬಿಡುವಿನಲ್ಲಿ ಒಳಗೆ ಕೂರಿಸುವ ಶಿಕ್ಷೆಯು ಎಲ್ಲ ಕಡೆಗೂ ರೂಢಿಯಲ್ಲಿದೆ. ಬೆತ್ತಕ್ಕಿಂತ ಇದು ಸೌಮ್ಯವೆಂದು ತೋರುತ್ತದೆ. ಮೈ ಮೇಲೆ ಬರೆಯಿಲ್ಲದ ಕಾರಣ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಕಾಲು ಕೈ ಆಡಿಸದೆ ಇರಲಾರದ ಮಗುವೇ ಗದ್ದಲ ಮಾಡುವುದು. ಅದರಿಂದ ಓಟವನ್ನು ಕಸಿದುಕೊಂಡರೆ ಮಧ್ಯಾಹ್ನದ ಗದ್ದಲ ಇಮ್ಮಡಿಯಾಗುತ್ತದೆ. ಮನೆಗೆಲಸ ಬರೆಯದವನು ಬಹುಶಃ ಮುಂಜಾನೆ ಎಮ್ಮೆಗೆ ನೀರು ಕುಡಿಸಿ, ತಮ್ಮನನ್ನು ಎತ್ತಿ ಆಡಿಸಿ ಬಂದವನು. ಅವನಿಗೆ ದಿನದಲ್ಲಿ ಆಟವೆಂಬುದು ಆ ಇಪ್ಪತ್ತು ನಿಮಿಷ ಮಾತ್ರ. ಅಮೆರಿಕಾ ದೇಶದ ಮಕ್ಕಳ ವೈದ್ಯರ ಪರಿಷತ್ತು ೨೦೧೩ರಲ್ಲಿ, ಶಿಕ್ಷೆಗಾಗಲಿ ಓದಿಗಾಗಲಿ ಬಿಡುವನ್ನು ತಡೆಹಿಡಿಯಬಾರದೆಂದು ಸ್ಪಷ್ಟವಾಗಿ ಹೇಳಿತು. ಇಲ್ಲಿಯ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಕಲಮು ಮೈ ದಂಡನೆಯನ್ನೂ ಮನಸ್ಸಿನ ಹಿಂಸೆಯನ್ನೂ ನಿಷೇಧಿಸಿದೆ. ಹೊರಗೆ ಗೆಳೆಯರ ಕೇಕೆ ಕೇಳುತ್ತಿರುವಾಗ ಕಿಟಕಿಯ ಸರಳು ಹಿಡಿದು ನಿಂತ ಮಗುವಿನ ಮನಸ್ಸಿಗೆ ಏನಾಗುವುದೆಂದು ಪ್ರತಿಯೊಬ್ಬ ಉಪಾಧ್ಯಾಯರೂ ಊಹಿಸಿಕೊಳ್ಳಲಿ. ಮಠದ ಪಂಕ್ತಿಯಲ್ಲಿ ತಪ್ಪು ಮಾಡಿದ ಬಾಲಕನಿಗೂ ಅನ್ನ ಬಡಿಸುತ್ತಾರೆ. ಬಯ್ಯುವುದೇನಿದ್ದರೂ ಊಟವಾದ ಮೇಲೆ. ಆಟವನ್ನೂ ಆ ಅನ್ನದಂತೆ ಎಣಿಸತಕ್ಕದ್ದು.

ಮಠದ ಸದ್ಭಕ್ತರಿಂದ ಆಗತಕ್ಕ ಕೆಲಸವು ದುಬಾರಿಯಾದುದಲ್ಲ. ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂಬ ಇಚ್ಛೆ ಬಹಳ ಮಂದಿಗಿದೆ. ಕಮಾನು ಕೊಟ್ಟರೆ ಹೆಸರು ಕೆತ್ತಿಸಬಹುದು, ಗಡಿಯಾರ ಕೊಟ್ಟರೆ ಹೆಸರು ಬರೆಯಿಸಬಹುದು. ಮರಳಿನ ಮೇಲೆ ಹೆಸರು ನಿಲ್ಲುವುದಿಲ್ಲವಾದುದರಿಂದ ಮರಳು ಕೊಡುವವರು ಕಡಮೆ. ಅಂಥವರೇ ಬೇಕಾಗಿದ್ದಾರೆ. ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವುದಕ್ಕೆ ಒಂದು ವಾರ ಮೊದಲು ಊರಿಗೆ ಹತ್ತು ಜನ ಗುದ್ದಲಿ ಬುಟ್ಟಿಗಳೊಡನೆ ಕೂಡಿದರೆ, ಎರಡು ಮುಂಜಾನೆಗಳಲ್ಲಿ ಬಯಲಿನ ಹರಳು, ಜಾಲಿಮುಳ್ಳು, ರಾತ್ರಿಯ ಕುಡುಕರು ಎಸೆದ ಬಾಟಲಿಯ ಚೂರುಗಳನ್ನೆಲ್ಲ ಆರಿಸಬಹುದು. ಸಸಿಯ ಗುಂಡಿಗಳನ್ನು ಮೃಗಶಿರೆಯ ಮಳೆಗೆ ಮೊದಲೇ ತೋಡಿ, ಹೆಂಟೆ ಬಿಸಿಲಿಗೆ ಒಣಗಲು ಬಿಡಬೇಕು. ಮೊದಲ ಹದವಾದ ಮಳೆಯ ಮರುದಿನ ನೆಡಬೇಕು. ಮುಳ್ಳುಬೇಲಿಯಿಲ್ಲದ ಸಸಿಯನ್ನು ಮೇಕೆಗೆ ನೆಟ್ಟಂತೆಯೇ ಸರಿ. ತೊಳೆಯುವ ನೀರಿನ ಕಾಲುವೆಯನ್ನು ಊರಿನ ಗೌಂಡಿಯೊಬ್ಬನು ಅರ್ಧದಿನದಲ್ಲಿ ಮಾಡಿಕೊಡಬಲ್ಲನು. ಮರಳು ಕಳುಹಿಸುವವರು ಹೊಂಡಕ್ಕೆ ಸುರಿಯುವ ಮುನ್ನ ಒಂದು ಸಲ ಜರಡಿ ಹಿಡಿಯಿಸಿ, ಕಪ್ಪೆಚಿಪ್ಪು ಗಾಜುಗಳನ್ನು ತೆಗೆಯಿಸಿ ಕಳುಹಲಿ. ಯಾವ ಶಾಲೆಗೆ ಎಷ್ಟು ಬಂಡಿ ಬೇಕೆಂಬುದನ್ನು ಆಯಾ ಮುಖ್ಯೋಪಾಧ್ಯಾಯರನ್ನು ಕಂಡು ಕೇಳಿಕೊಳ್ಳಬಹುದು.